ಲೈನು ಮನೆಗಳ ಮಣ್ಣು

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿದ್ದ ಹಳೆಯ ಕೂಲಿ ಲೈನನ್ನು, ಅಂದರೆ ಆಳುಗಳ ಸಾಲುಮನೆಗಳನ್ನು, ಹೋದ ಬೇಸಿಗೆಯಲ್ಲಿ ಕೆಡವಿಸಿ, ಹೋಂಸ್ಟೇಗೆ ಬರುವವರ ಕಾರು ನಿಲ್ಲಿಸಲು ಜಾಗ ಮಾಡಿಸಿದೆವು. ಜೆಸಿಬಿ ಎತ್ತಿ ಹಾಕಿದ ಮಣ್ಣಿನಲ್ಲಿ ಗಾಜಿನ ಬಳೆಚೂರುಗಳು, ಬಣ್ಣ ಹಾರಿದ ಪಿಂಗಾಣಿ ತಟ್ಟೆ, ಸವೆದು ಬೆರಳಿನಷ್ಟೇ ಉಳಿದಿದ್ದ ಒಂದು ಕತ್ತಿ, ಅಂಚು ಒಡೆದ ಒರಳು ಸಿಕ್ಕವು. ಒರಳನ್ನು ಅಂಗಳಕ್ಕೆ ತಂದು ಹೂವಿನ ಗಿಡ ನೆಟ್ಟೆವು; ಮಿಕ್ಕದ್ದನ್ನು ಮಣ್ಣಿನ ಜೊತೆಗೇ ತಗ್ಗಿಗೆ ತುಂಬಿಸಿದೆವು. ಅತಿಥಿಗಳು ಒರಳಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾಲ್ಕೈದು ತಲೆಮಾರು ಬದುಕಿದ ಜಾಗವನ್ನು ಒಂದೇ ಮಧ್ಯಾಹ್ನದಲ್ಲಿ ಮಟ್ಟ ಮಾಡಿದೆವೆಂಬುದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ, ಬಾರ್ಬಡೋಸ್ ದ್ವೀಪದ ಒಂದು ಸಮಾಧಿಯ ಬಗ್ಗೆ ಓದುವಾಗ.

ಅಲ್ಲಿನ ನ್ಯೂಟನ್ ಎಂಬ ಕಬ್ಬಿನ ತೋಟದಲ್ಲಿ ಗುಲಾಮರನ್ನು ಹೂಳುತ್ತಿದ್ದ ಜಾಗವನ್ನು ಪುರಾತತ್ತ್ವಜ್ಞರು 1970ರ ದಶಕದಲ್ಲಿ ಅಗೆದರು. 72ನೆಯ ಸಮಾಧಿಯಲ್ಲಿ ಒಬ್ಬ ವಯಸ್ಸಾದ ಗಂಡಸು ಇದ್ದ. ಅವನ ಕೊರಳಲ್ಲಿ ಕವಡೆ, ನಾಯಿಯ ಹಲ್ಲು, ಮೀನಿನ ಬೆನ್ನುಮೂಳೆ, ಗಾಜಿನ ಮಣಿಗಳನ್ನು ಪೋಣಿಸಿದ ಹಾರವಿತ್ತು. ಅವುಗಳ ನಡುವೆ ಒಂದು ಕೆಂಪು ಮಣಿಯೂ ಇತ್ತು. ಆ ಮಣಿ ಬಹುಶಃ ನಮ್ಮ ಗುಜರಾತಿನ ಖಂಭಾತಿನಲ್ಲಿ ಉಜ್ಜಿ ಮಾಡಿದ್ದು ಎನ್ನುತ್ತಾರೆ. ತನ್ನವರ ನಡುವೆ ಅವನು ಮದ್ದು ಕೊಡುವವನೋ ಮಂತ್ರ ಬಲ್ಲವನೋ ಆಗಿದ್ದಿರಬೇಕೆಂಬುದು ವಿದ್ವಾಂಸರ ಊಹೆ. ಇಂದಿಗೂ ಅವನು ಒಂದು ಸಂಖ್ಯೆ ಮಾತ್ರ. ಆದರೂ ಅವನನ್ನು ಹೂಳಿದವರು ಅವನಿಗೆ ಕೊಟ್ಟ ಮರ್ಯಾದೆ ಆ ಹಾರದಲ್ಲಿ ಉಳಿದುಕೊಂಡಿದೆ. ನಮ್ಮ ತಗ್ಗಿನಲ್ಲಿ ಹೋದ ಬಳೆಚೂರುಗಳು ನನಗೆ ನೆನಪಾದದ್ದು ಇಲ್ಲಿಯೇ.

ನ್ಯೂಯಾರ್ಕಿನಲ್ಲಿ ನಡೆದದ್ದು ಇನ್ನೂ ಮುಖ್ಯವೆಂದು ನನಗನ್ನಿಸುತ್ತದೆ. 1991ರಲ್ಲಿ ಅಲ್ಲಿ ಸರ್ಕಾರಿ ಕಟ್ಟಡವೊಂದಕ್ಕೆ ಪಾಯ ತೆಗೆಯುವಾಗ ಆಫ್ರಿಕನ್ನರ ಹಳೆಯ ಸ್ಮಶಾನ ಸಿಕ್ಕಿತು. ನಾನೂರಕ್ಕೂ ಹೆಚ್ಚು ಜನರ ಅವಶೇಷಗಳನ್ನು ಹೊರತೆಗೆದರು. ಕೆಲಸದ ಅವಸರವನ್ನು ಕಂಡ ಕರಿಯ ಸಮುದಾಯದವರು ಬೀದಿಗಿಳಿದರು, 1992ರಲ್ಲಿ ಅಗೆತ ನಿಂತಿತು. ಆಮೇಲೆ ಹೋವರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಬ್ಲೇಕಿ ಅವರ ತಂಡವು ಇವರೆಲ್ಲಿಂದ ಬಂದರು, ದುಡಿತ ಇವರ ಮೂಳೆಗಳನ್ನು ಏನು ಮಾಡಿತು, ಇವರು ಹೇಗೆ ಎದುರು ನಿಂತರು ಎಂಬ ಪ್ರಶ್ನೆಗಳನ್ನು ಆ ಸಮುದಾಯದವರೊಡನೆ ಕೂತು ರೂಪಿಸಿತು. 2003ರಲ್ಲಿ ಅವಶೇಷಗಳನ್ನು ಅದೇ ನೆಲದಲ್ಲಿ ಮತ್ತೆ ಹೂಳಲಾಯಿತು.

ಇನ್ನು ಹಣದ ಮಾತು. ಬ್ರಿಟನ್ 1833ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟದ್ದು ಒಡೆಯರಿಗೆ. ದುಡಿದವರಿಗೆ ಬಿಡಿಗಾಸೂ ಇಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯವು 2018ರಲ್ಲಿ ತನ್ನದೇ ಹಳೆಯ ಲೆಕ್ಕವನ್ನು ತೆಗೆದು, ತನಗೆ ಬಂದ ದಾನಗಳಲ್ಲಿ ಎಷ್ಟು ಗುಲಾಮಗಿರಿಯ ಹಣವೆಂಬುದನ್ನು ಪ್ರಕಟಿಸಿತು; ಮರುವರ್ಷ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜೊತೆ ಸೇರಿ 20 ವರ್ಷಗಳಲ್ಲಿ 2 ಕೋಟಿ ಪೌಂಡ್ ಹೊಂದಿಸುವ ಒಪ್ಪಂದ ಮಾಡಿಕೊಂಡಿತು. ಮೊತ್ತ ಸಾಲದೆಂದು ವಾದಿಸಬಹುದು. ನನಗೆ ಹಿಡಿಸಿದ್ದು ಅದರ ಅನುಕ್ರಮ: ಮೊದಲು ಲೆಕ್ಕ, ಆಮೇಲೆ ಕೊಡುಗೆ.

ನಮ್ಮಲ್ಲಿ ದಾನವೆಂದರೆ ಮೊದಲು ಕಲ್ಲು ಕೆತ್ತಿಸುವುದು. ಬೇಲೂರಿನ ಹತ್ತಿರದ ಹಲ್ಮಿಡಿ ಶಾಸನ ನೆಲವನ್ನು ಕೊಟ್ಟದ್ದರ ದಾಖಲೆ. ಆ ನೆಲವನ್ನು ಉತ್ತವರು ಅದರಲ್ಲಿಲ್ಲ. ನಮ್ಮ ಅಜ್ಜ ಊರ ದೇವಸ್ಥಾನಕ್ಕೆ ಗಂಟೆ ಕೊಟ್ಟದ್ದಕ್ಕೂ ಗೋಡೆಯಲ್ಲಿ ಹೆಸರಿದೆ. ಅವರ ಮಸ್ಟರ್ ಪುಸ್ತಕದಲ್ಲಿ, ಅಂದರೆ ಆಳುಗಳ ಹಾಜರಿಯ ಪುಸ್ತಕದಲ್ಲಿ, ಗಂಡಾಳುಗಳಿಗೆ ಹೆಸರಿದೆ, ಹೆಣ್ಣಾಳುಗಳು ಬಹುಪಾಲು ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರುತ್ತಾರೆ. ಎಷ್ಟೋ ಹೆಸರುಗಳ ಮುಂದಿನ ಮುಂಗಡ ಸಾಲ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆಯೇ ಹೊರತು ತೀರುವುದಿಲ್ಲ. ಬಾರ್ಬಡೋಸಿನದೂ ನಮ್ಮದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಮಲೆನಾಡಿನಲ್ಲಿಯೇ ಹುಟ್ಟಾಳು, ಮಣ್ಣಾಳು ಎಂಬ ಮಾತುಗಳಿದ್ದವು. ಮಣ್ಣಾಳು ಎಂದರೆ ಜಮೀನು ಕೈಬದಲಾದಾಗ ಅದರ ಜೊತೆಗೇ ಕೈಬದಲಾಗುತ್ತಿದ್ದವನು. ಜೀತವನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ, ನನ್ನ ಬುದ್ಧಿ ತಿಳಿದ ಮೇಲೆ.

ಆ ಲೈನಿನಲ್ಲಿ ಕೊನೆಯವರೆಗೂ ಇದ್ದವಳನ್ನು ನಾವು ಮಕ್ಕಳೂ ಹೆಸರು ಹಿಡಿದು ಏಕವಚನದಲ್ಲಿಯೇ ಕರೆಯುತ್ತಿದ್ದೆವು. ಏಳು ವರ್ಷದ ನನ್ನನ್ನು ಆಕೆ ‘ಅಮ್ಮಾವ್ರೆ’ ಎನ್ನುತ್ತಿದ್ದರು. ಈಗ ನಾನು ಅವರನ್ನು ಅಜ್ಜಿ ಎಂದು ಕರೆದರೆ ಅವರಿಗೇ ಮುಜುಗರ. ಕಳೆದ ತಿಂಗಳು ಮಸ್ಟರ್ ಪುಸ್ತಕವನ್ನು ಒಯ್ದು ಅವರ ಮುಂದೆ ಓದಿದೆ. ಹೆಸರಿಲ್ಲದ ಹನ್ನೊಂದು ಹೆಂಗಸರಿಗೆ ಅವರು ಹೆಸರು ಹೇಳಿದರು. ಲೈನಿನ ಆಚೆ ಸಿಲ್ವರ್ ಮರಗಳ ಸಾಲಿನ ಕೆಳಗೆ ತಮ್ಮವರನ್ನು ಹೂತ ಜಾಗವನ್ನೂ ತೋರಿಸಿದರು. ಅಲ್ಲಿ ನಾವು ರೊಬಸ್ಟಾ ಹಾಕಿ ಇಪ್ಪತ್ತು ವರ್ಷವಾಗಿದೆ. ಒಂದು ಕಲ್ಲು ನಿಲ್ಲಿಸಿ ಹೆಸರು ಬರೆಸೋಣವೇ ಎಂದು ಕೇಳಿದೆ. ‘ಕಲ್ಲು ಆಮ್ಯಾಕೆ ಆಗ್ಲಿ ಅಮ್ಮಾವ್ರೆ, ಮೊಮ್ಮಗನ ಮನೆಗೆ ಒಂದು ಸೈಟು ಆಗ್ಬೇಕು’ ಎಂದರು.

ಆ ಜಾಗವನ್ನೂ ಅದರ ಪಕ್ಕದ ಹತ್ತು ಗುಂಟೆಯನ್ನೂ ಬೇರೆ ಮಾಡಿಕೊಡಲು ಸರ್ವೆಗೆ ಅರ್ಜಿ ಬರೆದಿಟ್ಟಿದ್ದೇನೆ. ಖಾತೆ ಜಂಟಿಯಾಗಿರುವುದರಿಂದ ಅಣ್ಣನ ಸಹಿ ಬೇಕು, ಅವನು ಇನ್ನೂ ಹಾಕಿಲ್ಲ.