ಡಿವೋರ್ಸ್ ಆದ್ರೆ ಗಂಡನ ಆಸ್ತೀಲಿ ಅರ್ಧ ಬರುತ್ತಾ ಮೇಡಂ?

ನಾನು ಫ್ಯಾಮಿಲಿ ಕೋರ್ಟ್ ಕೇಸ್ ನಡೆಸ್ತೀನಿ ಅಂತ ಗೊತ್ತಾದ ಕೂಡ್ಲೇ ಜನ ಕೇಳೋದು ಇದನ್ನೇ. ಹೆಣ್ಣಿನ ಕಡೆಯವರು ಆಸೆಯಿಂದ ಕೇಳ್ತಾರೆ, ಗಂಡಿನ ಕಡೆಯವರು ಹೆದರ್ಕೊಂಡು ಕೇಳ್ತಾರೆ. ಹಿಂದೂ ವಿವಾಹ ಕಾಯ್ದೆ ಪ್ರಕಾರ ಮದುವೆ ಆಗಿದ್ರೆ ಉತ್ತರ ಒಂದೇ, ಅರ್ಧ ಕೊಡ್ಬೇಕು ಅನ್ನೋ ರೂಲೇ ಇಲ್ಲ. ಅದು ಕ್ಯಾಲಿಫೋರ್ನಿಯಾದಂಥ ಕಡೆ ಇದೆ, ನಮ್ಮ ಪಕ್ಕದ ಗೋವಾದಲ್ಲೂ ಪೋರ್ಚುಗೀಸರ ಕಾಲದ ಸಿವಿಲ್ ಕೋಡಿಂದಾಗಿ ಇದೆ. ನಮ್ಮ 1955ರ ಕಾಯ್ದೆಯ 27ನೇ ಸೆಕ್ಷನ್ ಮಾತಾಡೋದು ಮದುವೆ ಸಮಯದಲ್ಲಿ ಇಬ್ಬರಿಗೂ ಸೇರಿ ಬಂದ ವಸ್ತುಗಳ ಬಗ್ಗೆ, ಅಷ್ಟೇ.

ಮನೆ, ಸೈಟು ಸಾಮಾನ್ಯವಾಗಿ ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದ್ಯೋ ಅವರದ್ದು. ಜಂಟಿ ಹೆಸರಲ್ಲಿದ್ದು ಜಗಳ ಬಿತ್ತು ಅಂದ್ರೆ ದುಡ್ಡು ಯಾರು ಹಾಕಿದ್ರು, ಇಎಂಐ ಯಾರ ಅಕೌಂಟಿಂದ ಹೋಯ್ತು ಅಂತ ಲೆಕ್ಕ ಶುರುವಾಗುತ್ತೆ. ನಂಗೆ ಹೊಟ್ಟೆ ಉರಿಯೋದೇ ಇಲ್ಲಿ. ಎಷ್ಟೋ ಮನೇಲಿ ಗಂಡನ ಸಂಬಳ ಇಎಂಐಗೆ, ಹೆಂಡತಿ ಸಂಬಳ ದಿನಸಿ, ಸ್ಕೂಲ್ ಫೀಸು, ಅತ್ತೆ ಮಾತ್ರೆ, ಹಬ್ಬದ ಬಟ್ಟೆ ಅಂತ ಹೋಗಿರುತ್ತೆ, ಆಮೇಲೆ ಕೋರ್ಟಿಗೆ ಬಂದಾಗ ಅವನ ಹತ್ರ ಲೋನ್ ಸ್ಟೇಟ್‌ಮೆಂಟ್ ಇರುತ್ತೆ ಇವಳ ಹತ್ರ ಏನೂ ಇರಲ್ಲ. ಇನ್ನು ಕೆಲಸ ಬಿಟ್ಟು ಮನೆ ಮಕ್ಕಳು ನೋಡ್ಕೊಂಡವಳ ಗತಿ ಕೇಳೋದೇ ಬೇಡ. 2023ರಲ್ಲಿ ಮದ್ರಾಸ್ ಹೈಕೋರ್ಟ್ ಮನೆಕೆಲಸವೂ ದುಡಿಮೆನೇ, ಆ ಸಂಸಾರದಲ್ಲಿ ಕೊಂಡ ಆಸ್ತೀಲಿ ಅವಳಿಗೂ ಸಮಪಾಲಿದೆ ಅಂತ ಒಂದು ಕೇಸಲ್ಲಿ ಹೇಳ್ತು. ಸರಿಯಾಗೇ ಹೇಳಿದ್ದಾರೆ, ಆದ್ರೆ ನಮ್ಮ ರಾಜ್ಯದ ಕೋರ್ಟುಗಳು ಅದನ್ನ ಪಾಲಿಸ್ಲೇಬೇಕು ಅಂತಿಲ್ಲ.

ಒಡವೆ ವಿಷಯ ಹಾಗಲ್ಲ. ತವರಿಂದ ತಂದಿದ್ದು, ಅವಳಿಗೇ ಅಂತ ಕೊಟ್ಟಿದ್ದು ಸ್ತ್ರೀಧನ, ಅತ್ತೆ ಬೀರುವಲ್ಲಿದ್ರೂ ಅವಳದ್ದೇ. ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ, 2024ರಲ್ಲಿ ಮತ್ತೆ ಹೇಳಿದೆ. ಹಾಗಾಗಿ ಬಿಲ್ಲು, ಮದುವೆ ಫೋಟೋ ಜೋಪಾನ.

ಗಂಡನ ಪಿತ್ರಾರ್ಜಿತ ಜಮೀನಲ್ಲಿ ಹೆಂಡತಿಗೆ ಪಾಲಿಲ್ಲ, ಆದ್ರೆ ಅಪ್ಪ ಅಮ್ಮ ಬೇರೆಯಾದ್ರು ಅಂತ ಮಕ್ಕಳ ಹಕ್ಕು ಹೋಗಲ್ಲ.

ಆಸ್ತಿ ಲೆಕ್ಕಕ್ಕೆ ಬರೋದು ಜಾಸ್ತಿ ಜೀವನಾಂಶದಲ್ಲಿ. ಅದೇ ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಇಬ್ಬರ ಆದಾಯ, ಆಸ್ತಿ ಎರಡೂ ನೋಡಿ ತಿಂಗಳಿಗಿಷ್ಟು ಅಂತಲೋ ಒಂದೇ ಸಲ ಇಡಿಗಂಟಾಗಿಯೋ ಕೊಡಿಸ್ತಾರೆ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜೀವನಾಂಶದ ಕೇಸಲ್ಲಿ ಇಬ್ಬರೂ ಸಂಬಳ, ಸೈಟು, ಸಾಲ ಎಲ್ಲಾ ಅಫಿಡವಿಟ್‌ನಲ್ಲಿ ಬರೆದು ಕೊಡ್ಲೇಬೇಕು.

ಹೆಂಡತಿಗೆ ಮನೆ ಸಿಕ್ಕಿರೋ ಕೇಸುಗಳಲ್ಲಿ ನಾನು ಹೆಚ್ಚು ನೋಡಿರೋದು ಮ್ಯೂಚುಯಲ್ ಕನ್ಸೆಂಟಲ್ಲಿ, ಅಂದ್ರೆ ಇಬ್ಬರೂ ಒಪ್ಪಿ ತಗೊಂಡ ಡಿವೋರ್ಸಲ್ಲಿ, ಮಾತಾಡ್ಕೊಂಡು ಬರೆಸ್ಕೊಂಡಿದ್ದು. ಅಲ್ಲೂ ಒಂದು ನೋಡ್ಕೊಳ್ಳಿ, ಹೋಮ್ ಲೋನ್ ಇಬ್ಬರ ಹೆಸರಲ್ಲಿದ್ರೆ ಡಿವೋರ್ಸ್ ಆಯ್ತು ಅಂತ ಬ್ಯಾಂಕ್ ನಿಮ್ಮನ್ನ ಬಿಡಲ್ಲ, ಡಿವೋರ್ಸ್ ಒಪ್ಪಂದಕ್ಕೆ ಸೈನ್ ಹಾಕೋ ಮುಂಚೆನೇ ಬ್ಯಾಂಕಲ್ಲಿ ಹೆಸರು ತೆಗೆಸ್ಕೊಳ್ಳಿ.