ಫ್ರಾಂಕ್ಲಿನ್ ಒಲೆಯ ಮಾದರಿ: ಹೊಗೆ ಕೆಳಗಿಳಿಯಿತು

ತಗಡಿನ ಒಲೆ ಈ ವಾರ ಹೊಗೆ ಬಿಟ್ಟು ನೋಡುವ ಹಂತಕ್ಕೆ ಬಂತು. ಅಮೆರಿಕದ ವಿಜ್ಞಾನಿ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ 1744ರ ಕಿರುಹೊತ್ತಿಗೆಯಲ್ಲಿ ವಿವರಿಸಿದ ಪೆನ್ಸಿಲ್ವೇನಿಯಾ ಒಲೆಯ ಪುಟ್ಟ ಮಾದರಿ ಇದು. ಮೂಲ ಒಲೆಗೆ ಬೀಡು ಕಬ್ಬಿಣದ ಹಲಗೆಗಳು. ನನ್ನದಕ್ಕೆ ತೆಳು ತಗಡು, ಸಂದುಗಳಿಗೆ ಜೇಡಿಮಣ್ಣು, ಒಳಗೆ ಕಾಣಲಿ ಅಂತ ಒಂದು ಪಕ್ಕಕ್ಕೆ ಗಾಜು.

ಆಗ ಅಲ್ಲಿ ಸೌದೆ ದುಬಾರಿಯಾಗುತ್ತಿತ್ತು. ನೂರು ವರ್ಷದ ಹಿಂದೆ ಮನೆ ಬಾಗಿಲಲ್ಲೇ ಸಿಗುತ್ತಿದ್ದುದನ್ನು ಈಗ ಕೆಲವು ಊರುಗಳಿಗೆ ಸುಮಾರು 100 ಮೈಲಿಯಿಂದ ತರಬೇಕು ಅಂತ ಫ್ರಾಂಕ್ಲಿನ್ ಬರೆಯುತ್ತಾನೆ. ತನ್ನ ಕೋಣೆ ಕಾಲುಭಾಗ ಸೌದೆಯಲ್ಲೇ ಎರಡರಷ್ಟು ಬೆಚ್ಚಗಾಯಿತು ಅಂತಲೂ ಹೇಳಿಕೊಳ್ಳುತ್ತಾನೆ. ತನ್ನ ಒಲೆಯನ್ನು ಮಾರುವವನ ಮಾತು, ಸ್ವಲ್ಪ ಕಳೆದೇ ಲೆಕ್ಕ ಹಾಕಬೇಕು ಅಲ್ವಾ! ಆದರೆ ಪೆನ್ಸಿಲ್ವೇನಿಯಾದ ಗವರ್ನರ್ ಕೊಡಲು ಬಂದ ಪೇಟೆಂಟನ್ನು ಬೇಡ ಅಂದವನೂ ಅವನೇ.

ಇದರ ಜಾಣತನವೆಲ್ಲ ಬೆಂಕಿಯ ಹಿಂದಿರುವ ಟೊಳ್ಳು ಪೆಟ್ಟಿಗೆಯಲ್ಲಿದೆ. ಹೊಗೆ ನೇರ ಚಿಮಣಿಗೆ ಹೋಗುವಂತಿಲ್ಲ. ಪೆಟ್ಟಿಗೆಯ ತಲೆ ದಾಟಿ, ಅದರ ಬೆನ್ನ ಹಿಂದೆ ಕೆಳಗಿಳಿದು, ಆಮೇಲೆ ಚಿಮಣಿ ಸೇರಬೇಕು. ಹೊರಗಿನ ಗಾಳಿ ತಳದಿಂದ ಪೆಟ್ಟಿಗೆಯೊಳಗೆ ಬಂದು, ಅಡ್ಡಗೋಡೆಗಳ ನಡುವೆ ಸುತ್ತಿ, ಬಿಸಿಯಾಗಿ ಪಕ್ಕದ ತೂತುಗಳಿಂದ ಕೋಣೆಗೆ ಬರುತ್ತದೆ.

ಮೊದಲು ತಣ್ಣಗಿರುವ ಒಲೆಯಲ್ಲೇ ಊದುಬತ್ತಿ ಇಟ್ಟೆ. ಹೊಗೆ ಮೇಲೇರಿ, ಪೆಟ್ಟಿಗೆಯ ತಲೆಯ ಹತ್ತಿರ ಗುಂಪುಗಟ್ಟಿ, ಬಾಯಿಂದ ಆಚೆ ಬಂತು. ಇಳಿಯುವ ಮನಸ್ಸೇ ಇಲ್ಲ. ಆಮೇಲೆ ಚಿಮಣಿಯ ಬುಡಕ್ಕೆ ಒಂದು ಮೇಣದಬತ್ತಿ ಹಚ್ಚಿ, ಕೊಳವೆ ಬಿಸಿಯಾಗುವವರೆಗೆ ಕಾದೆ. ಅದೇ ಹೊಗೆ ಗಾಜಿನಾಚೆ ತೆಳು ಎಳೆಯಾಗಿ ಪೆಟ್ಟಿಗೆ ದಾಟಿ, ಸರ್ರನೆ ಹಿಂದಕ್ಕೆ ಇಳಿದುಹೋಯಿತು. ನೋಡಲು ಎಷ್ಟು ಖುಷಿ ಗೊತ್ತಾ? ಒಲೆಯಲ್ಲಿ ಇನ್ನೊಂದು ಮೇಣದಬತ್ತಿ ಹಚ್ಚಿದ ಮೇಲೆ, ಪಕ್ಕದ ತೂತಿಗೆ ಕಟ್ಟಿದ್ದ ಹತ್ತಿಯ ಎಳೆಯೂ ಅಲ್ಲಾಡತೊಡಗಿತು.

ಮೂಲ ಒಲೆಯ ತೊಂದರೆಯೂ ಇದೇ. ಚಿಮಣಿ ಬಿಸಿಯಾಗಿದ್ದರೆ ಸರಿ, ತಣ್ಣಗಾದರೆ ಮನೆ ತುಂಬ ಹೊಗೆ. ಅದಕ್ಕೇ ಆಮೇಲಿನವರು ಇಳಿಯುವ ದಾರಿಯನ್ನೇ ತೆಗೆದುಹಾಕಿದರು. ಈಗ ಫ್ರಾಂಕ್ಲಿನ್ ಹೆಸರಲ್ಲಿ ಕಾಣುವ ಒಲೆಗಳಲ್ಲಿ ಹೆಚ್ಚಿನವಕ್ಕೆ ಅದು ಇಲ್ಲ. ನನಗಂತೂ ಅದಿಲ್ಲದೆ ಈ ಒಲೆ ಸಪ್ಪೆ.

ಮುಂದಿನದು ಸ್ವೀಡನ್ನಿನ ಒಲೆ. 1767ರಲ್ಲಿ ಅಲ್ಲಿನ ಕ್ರೋನ್‌ಸ್ಟೆಟ್ ಮತ್ತು ವ್ರೇಡೆ ಎಂಬಿಬ್ಬರು ರೂಪಿಸಿದ್ದು. ಅದರಲ್ಲೂ ಹೊಗೆ ಏರಿ ಇಳಿಯುತ್ತದೆ, ಆದರೆ ಇಟ್ಟಿಗೆಯ ನಾಳಗಳಲ್ಲಿ. ಬೆಂಕಿ ಆರಿದ ಮೇಲೂ ಇಟ್ಟಿಗೆ ಗಂಟೆಗಟ್ಟಲೆ ಶಾಖ ಬಿಡುತ್ತದೆ. ಇದಕ್ಕೆ ತಗಡು ನಡೆಯಲ್ಲ. ಸಣ್ಣ ಇಟ್ಟಿಗೆಗಳನ್ನು ಜೇಡಿಮಣ್ಣಲ್ಲೇ ಅಚ್ಚು ಹಾಕಿ ಒಣಗಲು ಇಟ್ಟಿದ್ದೇನೆ.