ಕಿನ್ನಾಳದ ಮರದಲ್ಲಿ ಟಿ ಸೆಲ್: ಕೆಲಸ ಎಲ್ಲಿಗೆ ಬಂತು

ಆಷಾಢ

ಮಾಡಬೇಕಿರೋದು ಇಷ್ಟು. ಕ್ಯಾನ್ಸರ್‌ಗೆ ಕೊಡುವ ಇಮ್ಯುನೊಥೆರಪಿ ಔಷಧ ಮೈಯೊಳಗೆ ಏನು ಮಾಡುತ್ತದೆ ಅನ್ನೋದನ್ನು ಕೈಯಲ್ಲಿ ಹಿಡಿದು ನೋಡುವಂಥ ಮರದ ಮಾದರಿ. ಎರಡು ಗುಂಡು. ಒಂದು ಟಿ ಸೆಲ್, ಅಂದರೆ ರೋಗದ ಮೇಲೆ ಬಿದ್ದು ಕಾದಾಡುವ ನಮ್ಮದೇ ರಕ್ತದ ಬಿಳಿ ಕಣ. ಇನ್ನೊಂದು ಕ್ಯಾನ್ಸರ್ ಸೆಲ್. ಜೊತೆಗೆ ಒಂದು ಬಟ್ಟಲು ತುಂಬ ವೈ ಆಕಾರದ ತುಂಡುಗಳು. ಅವೇ ಔಷಧ.

ಕೊಪ್ಪಳದಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡವನಿಗೆ ಈ ಹುಚ್ಚು ಯಾಕೆ ಅಂತೀರಾ? ಕೌಂಟರ್‌ಗೆ ಬರುವವರು ಕೇಳುವ ಮಾತಿನಿಂದಲೇ ಹತ್ತಿದ್ದು. "ಅಣ್ಣಾರ, ನಮ್ಮ ಮಾವಗ ಶಕ್ತಿ ಬರೋ ಇಂಜೆಕ್ಷನ್ ಬರದಾರ. ಅದರ ಬದಲಿ ಟಾನಿಕ್ ಐತೇನ್ರಿ?" ಚೀಟಿ ನೋಡಿದರೆ ನಿವೊಲುಮ್ಯಾಬ್, ಇಂಥದ್ದೇ ಒಂದು ಇಮ್ಯುನೊಥೆರಪಿ ಔಷಧ. ಅದು ಶಕ್ತಿಯ ಇಂಜೆಕ್ಷನ್ನೂ ಅಲ್ಲ, ಅದಕ್ಕೆ ಬದಲಿ ಟಾನಿಕ್ಕೂ ಇಲ್ಲ. ಆದರೆ ಅಂಗಡಿಯಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸೋ ವಿಷಯವೂ ಅಲ್ಲ. ಗುಟ್ಕಾ, ತಂಬಾಕು ಬಾಯಿಗೆ ಹಾಕುವವರು ನಮ್ಮ ಕಡೆ ಕಡಿಮೆಯೇನಿಲ್ಲ. ಬಾಯಿ ಕ್ಯಾನ್ಸರ್ ಚೀಟಿಗಳು ಬರುತ್ತಲೇ ಇರುತ್ತವೆ.

ಮೊದಲು ಯಾವುದನ್ನು ತೋರಿಸಬೇಕು ಅಂತ ಗೊತ್ತುಮಾಡಿಕೊಳ್ಳಬೇಕಿತ್ತು. ಕತೆಯಾಗಿ ನೋಡಿದರೆ ಅಮೆರಿಕದ ವಿಜ್ಞಾನಿ ಜೇಮ್ಸ್ ಆಲಿಸನ್ ಅವರದೇ ಚೆಂದ. ಟಿ ಸೆಲ್ ಮೇಲೆ ಸಿಟಿಎಲ್‌ಎ-4 ಅನ್ನೋ ಪ್ರೋಟೀನ್ ಇದೆ. 1990ರ ದಶಕದಲ್ಲಿ ಕೆಲವರು ಅದನ್ನು ಟಿ ಸೆಲ್ಲಿನ ಆಕ್ಸಿಲರೇಟರ್ ಅಂದರು. ಅಲ್ಲ, ಅದು ಬ್ರೇಕ್ ಅಂತ ತೋರಿಸಿದವರಲ್ಲಿ ಆಲಿಸನ್ ಒಬ್ಬರು. ಬ್ರೇಕ್ ಅಂತ ಗೊತ್ತಾದಾಗ ಹೆಚ್ಚಿನವರಿಗೆ ಹೊಳೆದದ್ದು ಅದನ್ನು ಒತ್ತೋದು. ದೇಹ ತನ್ನ ಮೇಲೇ ತಿರುಗಿಬೀಳುವ ಕಾಯಿಲೆಗಳಿಗೆ ಅದರಿಂದ ಮದ್ದು ಸಿಗಬಹುದು ಅನ್ನೋ ಲೆಕ್ಕ. ಆಲಿಸನ್ ಯೋಚನೆ ಉಲ್ಟಾ. ಬ್ರೇಕ್ ಬಿಟ್ಟರೆ ಟಿ ಸೆಲ್ ಕ್ಯಾನ್ಸರ್ ಮೇಲೆ ಬೀಳುತ್ತದಾ ನೋಡೋಣ ಅಂದರು.

1994ರ ಕೊನೆಗೆ ಬರ್ಕ್ಲಿಯ ಅವರ ಲ್ಯಾಬಿನಲ್ಲಿ ಗಡ್ಡೆ ಇರುವ ಇಲಿಗಳಿಗೆ ಆ ಬ್ರೇಕನ್ನು ಮುಚ್ಚುವ ಆಂಟಿಬಾಡಿ (ಗುರಿಗೆ ಹೋಗಿ ಅಂಟಿಕೊಳ್ಳುವ ವೈ ಆಕಾರದ ಪ್ರೋಟೀನ್) ಕೊಟ್ಟರು. ಗಡ್ಡೆ ಹೋಯಿತು. ನಂಬಿಕೆ ಬರಲಿಲ್ಲ, ಕೂಡಲೇ ಇನ್ನೊಂದು ಸಲ ಮಾಡೋಣ ಅಂತಾಯಿತು. ಅಷ್ಟರಲ್ಲಿ ಕ್ರಿಸ್ಮಸ್ ರಜೆ. ಹಾಗಾಗಿ ಗಡ್ಡೆ ಅಳೆಯುವ ಕೆಲಸಕ್ಕೆ ಆಲಿಸನ್ ಖುದ್ದು ನಿಂತರು. ಯಾವ ಇಲಿಗೆ ಔಷಧ, ಯಾವುದಕ್ಕೆ ಇಲ್ಲ ಅನ್ನೋದು ಅವರಿಗೆ ಗೊತ್ತಿಲ್ಲದ ಹಾಗೆ ಮಾಡಿದ್ದರು. ಮೊದಲು ಎಲ್ಲಾ ಗಡ್ಡೆಗಳೂ ಬೆಳೆದವು. ಇದು ಕೆಟ್ಟಿತು ಅನ್ನೋ ಹೊತ್ತಿಗೆ ಅರ್ಧ ಇಲಿಗಳಲ್ಲಿ ಬೆಳೆಯೋದು ನಿಂತಿತು, ಆಮೇಲೆ ಕರಗತೊಡಗಿತು. 1996ರಲ್ಲಿ ಪ್ರಕಟಿಸಿದರು. ಆದರೆ ಅದು ಮನುಷ್ಯರಿಗೆ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2011ರಲ್ಲಿ. ನಡುವಿನ ಹದಿನೈದು ವರ್ಷ ಒಂದೊಂದು ಕಂಪನಿ ಬಾಗಿಲು ತಟ್ಟಿದ್ದೇ ಒಂದು ದೊಡ್ಡ ಕತೆ, ಅದನ್ನು ಇಲ್ಲಿ ಬಿಡುತ್ತೇನೆ.

ಇಷ್ಟಾದರೂ ಮಾದರಿಗೆ ಸಿಟಿಎಲ್‌ಎ-4 ಬೇಡ ಅಂದುಕೊಂಡೆ. ಅದರ ಕೆಲಸ ಮುಖ್ಯವಾಗಿ ದುಗ್ಧಗ್ರಂಥಿಯಲ್ಲಿ (ಲಿಂಫ್ ನೋಡ್), ಟಿ ಸೆಲ್ ಇನ್ನೂ ತಯಾರಾಗುವ ಹಂತದಲ್ಲಿ. ಅದನ್ನು ತೋರಿಸೋಕೆ ಮೂರನೇ ಸೆಲ್ಲು, ನಾಲ್ಕನೇ ಸೆಲ್ಲು ಅಂತ ಬೇಕಾಗುತ್ತದೆ. ಕ್ಯೋಟೊದ ತಸುಕು ಹೊಂಜೊ ಅವರ ತಂಡ 1992ರಲ್ಲಿ ಗುರುತಿಸಿದ ಪಿಡಿ-1 ಬ್ರೇಕ್ ನಮಗೆ ಸಲೀಸು. ನಿವೊಲುಮ್ಯಾಬ್ ಮುಚ್ಚೋದೂ ಇದನ್ನೇ. ಬ್ರೇಕ್ ಇರೋದು ಟಿ ಸೆಲ್ ಮೇಲೆ. ಅದನ್ನು ಒತ್ತುವ ಪಿಡಿ-ಎಲ್1 ಅನ್ನೋ ಪ್ರೋಟೀನನ್ನು ಎಷ್ಟೋ ಕ್ಯಾನ್ಸರ್ ಸೆಲ್ಲುಗಳು ತಮ್ಮ ಮೈಮೇಲೇ ಇಟ್ಟುಕೊಂಡಿರುತ್ತವೆ. ಎರಡೇ ಗುಂಡಿನಲ್ಲಿ ಆಟ ಮುಗಿಯುತ್ತದೆ. ಆಲಿಸನ್, ಹೊಂಜೊ ಇಬ್ಬರಿಗೂ 2018ರ ವೈದ್ಯಕೀಯ ನೊಬೆಲ್ ಬಂತು. ಹಾಗಾಗಿ ಯಾರಿಗೂ ಅನ್ಯಾಯ ಮಾಡಿದಂತೆ ಆಗಲಿಲ್ಲ ಬಿಡಿ.

ಶ್ರಾವಣ

ಮರದ ಗೊಂಬೆಗೆ ಹೆಸರಾದ ಕಿನ್ನಾಳಕ್ಕೆ ಹೋಗಿಬಂದೆ. ಅಲ್ಲಿಯ ಚಿತ್ರಗಾರರ ಮನೆಗಳಲ್ಲಿ ಈ ಹೊತ್ತಿಗೆ ಕೂರಲು ಜಾಗ ಇರೋದಿಲ್ಲ, ಎಲ್ಲೆಲ್ಲೂ ಗಣಪತಿ. ಆದರೂ ಗೊಂಬೆ ಕೆತ್ತುವ ನಮ್ಮ ಕಾಕಾ ನಾನು ಒಯ್ದಿದ್ದ ಮಾದರಿಯ ಚಿತ್ರ ನೋಡಿದರು. "ಇದಕ್ಕ ಕಣ್ಣಿಲ್ಲ, ಮೂಗಿಲ್ಲ. ಯಾವ ದಿಕ್ಕಿನಿಂದ ನೋಡಬೇಕ್ರಿ ಇದನ್ನ?" ಎಲ್ಲಾ ದಿಕ್ಕಿನಿಂದ ಅಂದೆ. ನಕ್ಕರು. ಹಬ್ಬ ಆಗುವವರೆಗೆ ಬಣ್ಣ ಕೇಳಬೇಡಿ, ಗುಂಡು ಮಾತ್ರ ಕೆತ್ತಿಕೊಡುತ್ತೇನೆ ಅಂದರು.

ಅಷ್ಟರಲ್ಲಿ ನಾನು ವೈರಿಂಗ್ ಹಿಡಿದೆ. ಟಿ ಸೆಲ್ ಗುಂಡಿಗೆ ಹತ್ತು ತೂತು. ಪ್ರತಿ ತೂತಿನ ತಳದಲ್ಲಿ ಒಂದು ಪುಟ್ಟ ಮೈಕ್ರೊ ಸ್ವಿಚ್, ಮೇಲೆ ಒಂದು ಕೆಂಪು ಎಲ್‌ಇಡಿ. ಸ್ವಿಚ್ ಒತ್ತದಿದ್ದರೆ ದೀಪ ಉರಿಯುತ್ತದೆ, ಒತ್ತಿದರೆ ಆರುತ್ತದೆ. ಕ್ಯಾನ್ಸರ್ ಗುಂಡಿನ ಮೈಮೇಲೆ ಮರದ ಕೀಲುಗಳು. ಗುಂಡನ್ನು ತಂದು ತಾಗಿಸಿದರೆ ಕೀಲು ತೂತಿಗೆ ಇಳಿದು ಟಕ್ ಅನ್ನುತ್ತದೆ, ಅಲ್ಲಿನ ದೀಪ ಆರುತ್ತದೆ. ಗುಂಡು ತಿರುಗಿಸುತ್ತ ಹೋದರೆ ಒಂದೊಂದೇ ದೀಪ ಹೋಗುತ್ತದೆ. ಟಿ ಸೆಲ್ ಶತ್ರುವಿನ ಎದುರೇ ಇದೆ, ಆದರೂ ಕೈ ಕಟ್ಟಿ ಕೂತಿದೆ. ಇದು ಮೊದಲ ಪಾಠ.

ನಿಜವಾದ ತಲೆನೋವು ವೈ ತುಂಡಿನದು. ಆಂಟಿಬಾಡಿ ಪಿಡಿ-1 ಅನ್ನು ಮುಚ್ಚಬೇಕು, ಆದರೆ ಒತ್ತಬಾರದು. ಒತ್ತಿದರೆ ಅದೂ ಬ್ರೇಕ್ ಹಾಕಿದಂತೆಯೇ ಆಯಿತಲ್ವಾ? ತೂತಿನ ಆಳ 20 ಮಿ.ಮೀ. ಸ್ವಿಚ್ಚಿನ ನಾಲಿಗೆ ಸಿಗೋದು 16ಕ್ಕೆ. ಕೀಲಿನ ಉದ್ದ 18 ಇಟ್ಟೆ, ಹಾಗಾಗಿ ಒತ್ತುತ್ತದೆ. ವೈ ತುಂಡಿನದು 12 ಮಾತ್ರ. ತೂತು ಮುಚ್ಚುತ್ತದೆ, ಸ್ವಿಚ್ಚಿಗೆ ತಾಗುವುದಿಲ್ಲ, ದೀಪ ಉರಿಯುತ್ತಲೇ ಇರುತ್ತದೆ. ಕ್ಯಾನ್ಸರ್ ಗುಂಡು ಎಷ್ಟು ತಿಕ್ಕಿದರೂ ಕೀಲು ಒಳಗೆ ಇಳಿಯುವುದಿಲ್ಲ. ಒಳಗೆ ಹೋಗಬೇಕಾದ್ದು ವೈ ಅಕ್ಷರದ ತೋಳಿನ ತುದಿ, ಕೆಳಗಿನ ಕಾಲಲ್ಲ. ಆಂಟಿಬಾಡಿ ಹಿಡಿಯೋದೇ ತೋಳಿನಿಂದ. ಕಾಲು ಕೆಳಗೆ ಮಾಡಿ ಸಿಕ್ಕಿಸಿದರೆ ನೋಡೋಕೆ ಚೆಂದ, ಆದರೆ ಸುಳ್ಳು.

ಗಣಪತಿ ಮುಗಿದ ಮೇಲೆ

ಗುಂಡುಗಳಿಗೆ ಕಿಟ್ಟ ಬಿತ್ತು. ಹಳೇ ಗೋಣಿಬಟ್ಟೆಯ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಮಾಡುವ ಕಿನ್ನಾಳದ ಮಸಾಲೆ ಅದು. ಸಂದು, ಬಿರುಕು ಎಲ್ಲಾ ಮುಚ್ಚಿ ಮೈ ನುಣುಪಾಗುತ್ತದೆ. ಅದರ ಜೊತೆಗೆ ತೂತುಗಳೂ ಕಿರಿದಾಗುತ್ತವೆ! ಕಾಕಾರಿಗೆ ಇದು ಮೊದಲೇ ಗೊತ್ತು. "ತೂತಿನಾಗ ಏನರ ಕೊಳವಿ ಹಾಕಿ ತರ್ರಿ, ಆಮ್ಯಾಲ ಕಿಟ್ಟ ಹಚ್ಚತೇನಿ" ಅಂತ ಹೇಳಿ ಕಳಿಸಿದ್ದರು. ಮಗಳ ಹಳೇ ಸ್ಕೆಚ್ ಪೆನ್ನುಗಳ ಕೊಳವೆ ಸರಿಯಾಗಿ ಕೂತವು. ಏಳು ತೂತಿಗೆ ಸ್ಕೆಚ್ ಪೆನ್, ಉಳಿದ ಮೂರಕ್ಕೆ ಬೇಕಂತಲೇ ತೆಳ್ಳನೆಯ ಬಾಲ್ ಪೆನ್ ಕೊಳವೆ. ಆ ಮೂರರಲ್ಲಿ ಕೀಲು ಹೋಗುತ್ತದೆ, ವೈ ಹೋಗುವುದಿಲ್ಲ.

ಯಾಕೆ ಏಳು ಮೂರು? ಈ ಇಡೀ ಮಾದರಿ ಮಾಡುತ್ತಿರೋದೇ ಆ ಲೆಕ್ಕಕ್ಕೆ. ನಿವೊಲುಮ್ಯಾಬ್ ಅನ್ನು ಮನುಷ್ಯರಿಗೆ ಮೊದಲು ಕೊಟ್ಟ ಪರೀಕ್ಷೆ 2010ರಲ್ಲಿ ಪ್ರಕಟವಾಯಿತು. 39 ಜನ ರೋಗಿಗಳು. ಮೈತೂಕದ ಪ್ರತಿ ಕೆ.ಜಿ.ಗೆ 0.3 ಮಿ.ಗ್ರಾಂನಿಂದ 10 ಮಿ.ಗ್ರಾಂವರೆಗೆ ಬೇರೆ ಬೇರೆ ಡೋಸ್ ಕೊಟ್ಟರು. ರಕ್ತದಲ್ಲಿನ ಟಿ ಸೆಲ್ ತೆಗೆದು ನೋಡಿದರೆ ಶೇ 70ರ ಆಸುಪಾಸು ಪಿಡಿ-1 ಮುಚ್ಚಿತ್ತು. ಡೋಸ್ ಚಿಕ್ಕದಿರಲಿ ದೊಡ್ಡದಿರಲಿ, ಹೆಚ್ಚು ಕಡಿಮೆ ಅಷ್ಟೇ. ಅದೂ ಒಂದೇ ಇಂಜೆಕ್ಷನ್ನಿಗೆ, ಎರಡು ತಿಂಗಳ ಹತ್ತಿರ. ತೂತು ತುಂಬಿದ ಮೇಲೆ ಮತ್ತಷ್ಟು ಸುರಿದರೆ ಅದು ಹೋಗಿ ಕೂರೋದೆಲ್ಲಿ? ಕೀಮೋ ಔಷಧದ ಲೆಕ್ಕ ಇಲ್ಲಿ ನಡೆಯೋದಿಲ್ಲ. ಕೀಮೋ ಸೆಲ್ಲನ್ನು ಕೊಲ್ಲುತ್ತದೆ, ಡೋಸ್ ಜಾಸ್ತಿಯಾದರೆ ಏಟೂ ಜಾಸ್ತಿ. ಇದು ತಾನಾಗಿ ಯಾವ ಸೆಲ್ಲನ್ನೂ ಕೊಲ್ಲುವುದಿಲ್ಲ, ಬ್ರೇಕ್ ಮುಚ್ಚುತ್ತದೆ ಅಷ್ಟೇ.

ಇದನ್ನು ಹಿಡಿದುಕೊಂಡೇ ಮುಂಬೈನ ಟಾಟಾ ಮೆಮೋರಿಯಲ್ ಡಾಕ್ಟರುಗಳು ಒಂದು ಪರೀಕ್ಷೆ ಮಾಡಿದರು. 2022ರಲ್ಲಿ ಪ್ರಕಟವಾಯಿತು. ತಲೆ, ಕುತ್ತಿಗೆ ಕ್ಯಾನ್ಸರ್ ಮುಂದುವರಿದು ಗುಣ ಮಾಡುವ ಹಂತ ದಾಟಿದ 151 ರೋಗಿಗಳು. ಅರ್ಧ ಜನಕ್ಕೆ ಬಾಯಿಂದ ತೆಗೆದುಕೊಳ್ಳುವ ಮೂರು ಅಗ್ಗದ ಔಷಧ. ಇನ್ನರ್ಧಕ್ಕೆ ಅದರ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ ನಿವೊಲುಮ್ಯಾಬ್. ಮಾಮೂಲಿ ಡೋಸ್ ಎರಡು ವಾರಕ್ಕೆ 240 ಮಿ.ಗ್ರಾಂ. ಅದರ ಹತ್ತನೇ ಒಂದು ಪಾಲೂ ಇಲ್ಲ. 50 ಕೆ.ಜಿ. ತೂಗುವವರಿಗೆ 20 ಮಿ.ಗ್ರಾಂ ಅಂದರೆ ಕೆ.ಜಿ.ಗೆ 0.4 ಆಯಿತು. ಮೇಲಿನ ಲೆಕ್ಕದ 0.3ಕ್ಕಿಂತ ಸ್ವಲ್ಪ ಜಾಸ್ತಿಯೇ. ಒಂದು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 16.3, ಎರಡನೆಯದರಲ್ಲಿ ಶೇ 43.4.

ಮೆಡಿಕಲ್ ಶಾಪಿನವನ ಕಣ್ಣಿಗೆ ಇನ್ನೊಂದು ಕಾಣುತ್ತದೆ. ಈ ಔಷಧದ ಚಿಕ್ಕ ವಯಲ್‌ನಲ್ಲಿ 40 ಮಿ.ಗ್ರಾಂ ಇರುತ್ತದೆ. ಒಂದೇ ದಿನ ಇಬ್ಬರನ್ನು ಕೂರಿಸಿದರೆ ಒಂದು ವಯಲ್ ಇಬ್ಬರಿಗೆ. ಪೂರ್ತಿ ಡೋಸಿನ ಬೆಲೆ ಕೇಳಿ ಹೊಲ ಮಾರೋಣವಾ ಅಂತ ಕೂತ ಮನೆಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಆದರೆ ಇಲ್ಲಿ ಎಚ್ಚರ ಇರಲಿ. ಆ ಪರೀಕ್ಷೆಯಲ್ಲಿ ಚಿಕ್ಕ ಡೋಸನ್ನು ಪೂರ್ತಿ ಡೋಸಿನ ಎದುರು ನಿಲ್ಲಿಸಿ ನೋಡಿಲ್ಲ. ಎರಡೂ ಸಮ ಅಂತ ಅದರಿಂದ ಹೇಳೋಕೆ ಬರೋದಿಲ್ಲ. ಎರಡನೇ ಗುಂಪಿನಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ವರ್ಷ ದಾಟಲಿಲ್ಲ ಅನ್ನೋದೂ ಅದೇ ಅಂಕಿಯೊಳಗಿದೆ. ಪಕ್ಕದಲ್ಲಿ ಇಡುವ ಫಲಕದಲ್ಲಿ ಈ ಎರಡು ಮಾತನ್ನೂ ದೊಡ್ಡ ಅಕ್ಷರದಲ್ಲೇ ಬರೆಸಿದ್ದೇನೆ. ಡೋಸ್ ತೀರ್ಮಾನ ಮಾಡೋದು ಕ್ಯಾನ್ಸರ್ ಡಾಕ್ಟರು, ಮರದ ಗುಂಡಲ್ಲ.

ದಸರಾ ರಜೆ

ಬಣ್ಣ ಆಯಿತು. ಟಿ ಸೆಲ್ ಹಳದಿ, ಕ್ಯಾನ್ಸರ್ ಕಡು ಹಸಿರು, ವೈ ತುಂಡುಗಳು ಬಿಳಿ. ಕಾಕಾ ಸುಮ್ನೆ ಇರದೆ ಟಿ ಸೆಲ್ ಸುತ್ತ ಗರುಡನ ಪೀಠಕ್ಕೆ ಹಾಕುವಂಥ ಬಳ್ಳಿ ಬರೆದುಬಿಟ್ಟಿದ್ದಾರೆ. ವಿಜ್ಞಾನದ ಪ್ರಕಾರ ಅಲ್ಲಿ ಬಳ್ಳಿ ಇಲ್ಲ. ಇರಲಿ, ಅಳಿಸೋ ಮಾತೇ ಇಲ್ಲ.

ಓಣಿಯ ಹುಡುಗರ ಮುಂದೆ ಇಟ್ಟೆ. ಎರಡು ಬಟ್ಟಲು. ಒಂದರಲ್ಲಿ ಎಂಟು ವೈ, ಇನ್ನೊಂದರಲ್ಲಿ ರಾಶಿ. ಎರಡರಿಂದಲೂ ಏಳೇ ಕೂತವು. ರಾಶಿ ಹಿಡಿದವನು ಮಿಕ್ಕಿದ್ದನ್ನು ಬಾಲ್ ಪೆನ್ ತೂತಿಗೆ ತುರುಕೋಕೆ ಹೋಗಿ ಎರಡು ತೋಳು ಮುರಿದ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸುಮ್ಮನೆ ನೋಡುತ್ತಿದ್ದಳು. "ಅಂಕಲ್, ಬ್ರೇಕ್ ಪೂರ್ತಿ ತೆಗೆದರೆ ಇದು ನಮ್ಮ ಸೆಲ್ಲಿಗೂ ಬಡಿಯಲ್ವಾ?" ಅಂದಳು.

ಬಡಿಯುತ್ತದೆ. ಪಿಡಿ-ಎಲ್1 ಕ್ಯಾನ್ಸರಿನ ಸ್ವಂತ ಆಸ್ತಿಯಲ್ಲ, ಒಳ್ಳೆಯ ಸೆಲ್ಲುಗಳೂ ತಮ್ಮ ರಕ್ಷಣೆಗೆ ಬಳಸುತ್ತವೆ. ಪಿಡಿ-1 ಇಲ್ಲದ ಇಲಿಗಳನ್ನು ಹೊಂಜೊ ತಂಡ ಬೆಳೆಸಿದಾಗ, ವಯಸ್ಸಾಗುತ್ತ ಅವಕ್ಕೆ ಲೂಪಸ್ ಥರದ, ದೇಹ ತನ್ನ ಮೇಲೇ ತಿರುಗಿಬೀಳುವ ಕಾಯಿಲೆ ಬಂತು. 1999ರ ಕೆಲಸ ಅದು. ಈ ಔಷಧ ತೆಗೆದುಕೊಂಡ ಕೆಲವರಿಗೆ ಥೈರಾಯ್ಡ್, ಕರುಳು, ಶ್ವಾಸಕೋಶದ ತೊಂದರೆ ಬರೋದು ಇದೇ ದಾರಿಯಲ್ಲಿ. ಜೋರಾದರೆ ಔಷಧ ನಿಲ್ಲಿಸಿ ಸ್ಟೆರಾಯ್ಡ್ ಕೊಡುತ್ತಾರೆ. ಭೇದಿ ಅಂತ ನನ್ನ ಅಂಗಡಿಗೆ ಗುಳಿಗೆ ಕೇಳಿಕೊಂಡು ಬಂದವರು ಈ ಇಂಜೆಕ್ಷನ್ ಮೇಲಿದ್ದರೆ, ಗುಳಿಗೆ ಕೊಡದೆ ಡಾಕ್ಟರ ಹತ್ತಿರ ಕಳಿಸಬೇಕು.

ಕಾರ್-ಟಿ ಸೆಲ್ ಯಾಕಿಲ್ಲ ಅಂತ ಗೆಳೆಯನೊಬ್ಬ ಕೇಳಿದ. ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಗೆ 2023ರಲ್ಲಿ ಒಪ್ಪಿಗೆ ಸಿಕ್ಕಿದೆ, ಹೆಮ್ಮೆಯ ವಿಷಯವೇ. ಆದರೆ ಅದರ ದಾರಿ ಬೇರೆ. ಟಿ ಸೆಲ್ಲನ್ನೇ ಹೊರಗೆ ತೆಗೆದು ಹೊಸ ಕೈ ಜೋಡಿಸುತ್ತಾರೆ. ಇದೇ ಗುಂಡಿಗೆ ಅದನ್ನೂ ಅಂಟಿಸಿದರೆ ಎರಡೂ ಕೆಡುತ್ತವೆ.

ಈಗ ಆಗಬೇಕಾದ್ದು: ಮೂರನೇ ಗುಂಡು, ಒಳ್ಳೆಯ ಸೆಲ್ಲಿನದು. ಅದಕ್ಕೂ ಕೀಲು ಇರಬೇಕು, ಕ್ಯಾನ್ಸರ್ ಗುಂಡಿಗಿಂತ ಕಡಿಮೆ. ಗವಿಮಠದ ಜಾತ್ರೆಗೆ ಮುಂಚೆ ಸಿಗಲಿ ಅಂತ ಕಾಕಾರಿಗೆ ಮುಂಗಡ ಕೊಟ್ಟಾಗಿದೆ. ಮುರಿದ ವೈಗಳ ಬದಲು ಗಟ್ಟಿ ಮರದಲ್ಲಿ ಒಂದಿಷ್ಟು ಜಾಸ್ತಿಯೇ ಮಾಡಿಸಬೇಕು. ದೀಪಗಳಿಗೆ ಹಾಕಿದ ಪೆನ್ ಸೆಲ್ ಬ್ಯಾಟರಿ ಬೇಗ ಇಳಿಯುತ್ತಿವೆ, ಹಳೇ ಮೊಬೈಲ್ ಚಾರ್ಜರ್‌ಗೆ ಬದಲಾಯಿಸುತ್ತೇನೆ.